ಹೊಗೆಯಲ್ಲಿ ಎಷ್ಟು ಹಿಂಡಿ ಇದೆ?



2021ರ ಅಕ್ಟೋಬರ್ ಕೊನೆಯಲ್ಲಿ ಚೀನಾದ ಕೃಷಿ ವಿಜ್ಞಾನ ಅಕಾಡೆಮಿ ಒಂದು ಸುದ್ದಿ ಹೊರಡಿಸಿತು. ಉಕ್ಕಿನ ಕಾರ್ಖಾನೆಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡನ್ನು ಸೂಕ್ಷ್ಮಜೀವಿಗಳಿಗೆ ಉಣ್ಣಿಸಿ ಪ್ರೋಟೀನು ತೆಗೆದಿದ್ದೇವೆ, ಪರಿವರ್ತನೆಗೆ ಹಿಡಿಯುವ ಹೊತ್ತು ಬರೀ 22 ಸೆಕೆಂಡು ಎಂದು ಅದರಲ್ಲಿತ್ತು. ಸುದ್ದಿ ಲೋಕವೆಲ್ಲ ಸುತ್ತಿ ನಮ್ಮ ಮೊಬೈಲುಗಳಿಗೂ ಬಂತು. ಬರುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿದ್ದವು: ಇನ್ನು ಹೊಲ ಬೇಡ, ಮಳೆ ಬೇಡ, ಚಿಮಣಿಗೆ ಒಂದು ಪೈಪು ಜೋಡಿಸಿದರೆ ದನಕ್ಕೆ ಹಿಂಡಿ ಸಿಗುತ್ತದೆ! ಕಬ್ಬಿನ ಕಾರ್ಖಾನೆಗಳ ನಡುವೆ ಬದುಕುವ ನಮಗೆ ಇಂಥ ಮಾತು ಕಿವಿಗೆ ಹಿತವೇ. ಆ 22 ಸೆಕೆಂಡನ್ನು ನೀವು ಮರೆತುಬಿಡಿ. ವೇಗ ಈ ಕೆಲಸದ ತೊಡಕು ಎಂದೂ ಆಗಿಲ್ಲ. ತೊಡಕು ಬೇರೆ ಕಡೆ ಇದೆ, ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಆದರೂ ಆ ಸುದ್ದಿ ಸುಳ್ಳಾಗಿರಲಿಲ್ಲ. ಅದರ ಹಿಂದೆ ಒಂದು ಮೊಲದ ಹಿಕ್ಕೆಯ ಕಥೆ ಇದೆ. 1994ರಲ್ಲಿ ಬೆಲ್ಜಿಯಂನ ಮೂವರು ವಿಜ್ಞಾನಿಗಳು ಮೊಲದ ಹಿಕ್ಕೆಯಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಅದಕ್ಕೆ ಕ್ಲಾಸ್ಟ್ರಿಡಿಯಂ ಆಟೋಎಥನೋಜೆನಂ ಎಂದು ಹೆಸರಿಟ್ಟರು. ಆಮ್ಲಜನಕ ಅದಕ್ಕೆ ಆಗದು. ನಮ್ಮನ್ನು ಮುಚ್ಚಿದ ಕೋಣೆಯಲ್ಲಿ ಕೊಲ್ಲುವ ಕಾರ್ಬನ್ ಮೊನಾಕ್ಸೈಡೇ ಅದಕ್ಕೆ ಊಟ. ಆ ಅನಿಲವನ್ನು ತಿಂದು ಎಥನಾಲು ಬಿಡುತ್ತದೆ, ಉಳಿದದ್ದರಿಂದ ತನ್ನ ಮೈ ಕಟ್ಟಿಕೊಳ್ಳುತ್ತದೆ. 2005ರಲ್ಲಿ ನ್ಯೂಜಿಲೆಂಡಿನಲ್ಲಿ ಶಾನ್ ಸಿಂಪ್ಸನ್ ಮತ್ತು ರಿಚರ್ಡ್ ಫಾರ್ಸ್ಟರ್ ಇದೇ ಜೀವಿಯನ್ನು ನಂಬಿ ಲಾಂಜಾಟೆಕ್ ಎಂಬ ಕಂಪನಿ ಕಟ್ಟಿದರು. 2018ರಲ್ಲಿ ಚೀನಾದ ಹೆಬೆ ಪ್ರಾಂತದ ಶೌಗಾಂಗ್ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ ವಾಣಿಜ್ಯ ಘಟಕ ಶುರುವಾಯಿತು. ನಮ್ಮ ದೇಶದಲ್ಲೂ ಇಂಡಿಯನ್ ಆಯಿಲ್‌ನವರು ಪಾಣಿಪತ್ ರಿಫೈನರಿಯಲ್ಲಿ ಇದೇ ತಂತ್ರದಿಂದ ಎಥನಾಲು ಮಾಡುವ ಘಟಕ ಕಟ್ಟಿದ್ದಾರೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಶೌಗಾಂಗ್ ಘಟಕದ ಮೊದಲ ಸರಕು ಎಥನಾಲು. ತೊಟ್ಟಿಯಲ್ಲಿ ಹೆಚ್ಚಾದ ಬ್ಯಾಕ್ಟೀರಿಯಾವನ್ನು ಸೋಸಿ ಒಣಗಿಸಿದರೆ ನೂರಕ್ಕೆ ಎಂಬತ್ತು ಪಾಲು ಪ್ರೋಟೀನಿನ ಪುಡಿ. ಅದು ಜೊತೆಗೆ ಬಂದ ಲಾಭ. 2021ರ ಆಗಸ್ಟಿನಲ್ಲಿ ಚೀನಾದ ಕೃಷಿ ಸಚಿವಾಲಯ ಆ ಪುಡಿಯನ್ನು ಪಶು ಆಹಾರದ ಹೊಸ ಪದಾರ್ಥವೆಂದು ಒಪ್ಪಿತು. ಹಾಗಾಗಿ ಲೆಕ್ಕದ ಪುಸ್ತಕದಲ್ಲಿ ಗ್ಯಾಸಿನ ಖರ್ಚು ಹೊತ್ತದ್ದು ಎಥನಾಲು. ಪ್ರೋಟೀನು ಎಥನಾಲಿನ ಬೆನ್ನಮೇಲೆ ಕೂತು ಬಂತು.

ಇನ್ನು ನಮ್ಮ ಹೊಗೆಗೆ ಬರೋಣ. ಉಕ್ಕಿನ ಕಾರ್ಖಾನೆಯ ಗ್ಯಾಸಿಗೂ ಸಕ್ಕರೆ ಕಾರ್ಖಾನೆಯ ಗ್ಯಾಸಿಗೂ ಇರುವ ಅಂತರ ತಿಳಿದರೆ ಅರ್ಧ ವಿಷಯ ತಿಳಿದಂತೆ. ಸೂಕ್ಷ್ಮಜೀವಿಗೆ ಎರಡು ಬೇಕು: ಮೈ ಕಟ್ಟಲು ಇಂಗಾಲ, ಕಟ್ಟುವ ಕೆಲಸಕ್ಕೆ ಶಕ್ತಿ. ಕಾರ್ಬನ್ ಮೊನಾಕ್ಸೈಡಿನಲ್ಲಿ ಎರಡೂ ಇವೆ, ಅದು ಉರಿಯುವ ಅನಿಲ. ಮೀಥೇನಿನಲ್ಲೂ ಎರಡೂ ಇವೆ. ಕಾರ್ಬನ್ ಡೈಆಕ್ಸೈಡಿನಲ್ಲಿ ಇಂಗಾಲ ಮಾತ್ರ ಇದೆ. ಅದು ಒಲೆಯ ಬೂದಿ. ಬೂದಿಯನ್ನು ಇನ್ನೊಮ್ಮೆ ಒಲೆಗೆ ಹಾಕಿ ಅನ್ನ ಬೇಯಿಸಲು ಆಗುವುದಿಲ್ಲ. ಹೊಗೆಯಿಂದ ಪ್ರೋಟೀನು ಎಂದು ಯಾರಾದರೂ ಹೇಳಿದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ನಿಮ್ಮ ಹೊಗೆ ಉರಿಯುತ್ತದೋ, ಇಲ್ಲವೋ?

ಕೊಲ್ಹಾಪುರ, ಬೆಳಗಾವಿ ಸೀಮೆಯ ಸಕ್ಕರೆ ಕಾರ್ಖಾನೆಗಳ ಬಗಲಲ್ಲಿ ಈಗ ಎಥನಾಲ್ ಘಟಕಗಳು ಎದ್ದಿವೆ. ಕಾಕಂಬಿಗೆ ಯೀಸ್ಟು ಹಾಕಿ ಹುದುಗಿಸಿದಾಗ ಒಂದು ಗ್ಲೂಕೋಸಿನಿಂದ ಎರಡು ಎಥನಾಲು, ಎರಡು ಕಾರ್ಬನ್ ಡೈಆಕ್ಸೈಡು ಹುಟ್ಟುತ್ತವೆ. ತೂಕದಲ್ಲಿ 92 ಪಾಲು ಎಥನಾಲಿಗೆ 88 ಪಾಲು ಅನಿಲ. ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕವಿದ್ದರೆ ತೊಟ್ಟಿಯ ಬಾಯಿಯಿಂದ ದಿನಕ್ಕೆ ಸುಮಾರು 75 ಟನ್ ಕಾರ್ಬನ್ ಡೈಆಕ್ಸೈಡು ಹೊರಬೀಳುತ್ತದೆ. ಅದು ಬಾಯ್ಲರ್ ಹೊಗೆಯಂತೆ ಬೂದಿ, ಸಾರಜನಕ ಬೆರೆತದ್ದಲ್ಲ; ಬಹಳ ಶುದ್ಧ. ತಂಪು ಪಾನೀಯಕ್ಕೂ ಒಣ ಮಂಜುಗಡ್ಡೆಗೂ ಅದನ್ನು ಹಿಡಿದು ಮಾರುವವರಿದ್ದಾರೆ. ಅದನ್ನು ಪ್ರೋಟೀನು ಮಾಡಬೇಕೆಂದರೆ ಶಕ್ತಿಯನ್ನು ಹೊರಗಿನಿಂದ ತರಬೇಕು. ಜಲಜನಕ ತಿನ್ನುವ ಬ್ಯಾಕ್ಟೀರಿಯಾಗಳಿವೆ. 1960ರ ದಶಕದಲ್ಲಿ ಬಾಹ್ಯಾಕಾಶ ಯಾತ್ರಿಗಳ ಊಟಕ್ಕೆಂದು ಅಮೆರಿಕದಲ್ಲಿ ಅವುಗಳ ಅಧ್ಯಯನ ನಡೆದಿತ್ತು. ಈಗ ಫಿನ್‌ಲೆಂಡಿನ ಸೋಲಾರ್ ಫುಡ್ಸ್ ಕಂಪನಿ ಅದೇ ಜಾತಿಯ ಜೀವಿಯಿಂದ ಸೋಲೀನ್ ಎಂಬ ಹಳದಿ ಪುಡಿ ಮಾಡುತ್ತಿದೆ. 2022ರಲ್ಲಿ ಸಿಂಗಪುರ ಅದನ್ನು ಮನುಷ್ಯರ ಆಹಾರವಾಗಿ ಒಪ್ಪಿತು, 2024ರಲ್ಲಿ ಅವರ ಮೊದಲ ಕಾರ್ಖಾನೆ ಶುರುವಾಯಿತು.

ಆ ದಾರಿಯನ್ನು ನಮ್ಮ ಒಂದು ಲಕ್ಷ ಲೀಟರಿನ ಘಟಕಕ್ಕೆ ಹಚ್ಚಿ ನೋಡೋಣ. ಹಿಂದಿನ ಸಾಲಿನಲ್ಲಿ ಕೂತಿರುವ ಕಾಲೇಜಿನ ಮಕ್ಕಳು ಲೆಕ್ಕ ಬರೆದುಕೊಳ್ಳಲಿ. ಈ ಜೀವಿಗಳ ಒಂದು ಕಿಲೋ ಒಣ ಪುಡಿಗೆ ಹತ್ತಿರ ಹತ್ತಿರ 1.85 ಕಿಲೋ ಕಾರ್ಬನ್ ಡೈಆಕ್ಸೈಡು, 0.44 ಕಿಲೋ ಜಲಜನಕ ಬೇಕು. ಅಂದರೆ 75 ಟನ್ ಅನಿಲದಿಂದ ದಿನಕ್ಕೆ 40 ಟನ್ ಪುಡಿ ಬಂದೀತು. ಕೇಳಲು ಚೆನ್ನಾಗಿದೆ. ಅದಕ್ಕೆ ಜಲಜನಕ ದಿನಕ್ಕೆ 18 ಟನ್ ಬೇಕು. ನೀರನ್ನು ಕರೆಂಟಿನಿಂದ ಒಡೆದು ಒಂದು ಕಿಲೋ ಜಲಜನಕ ತೆಗೆಯಲು ಸುಮಾರು 50 ಯೂನಿಟ್. ಒಟ್ಟು ದಿನಕ್ಕೆ 9 ಲಕ್ಷ ಯೂನಿಟ್, ಹಗಲಿರುಳು ಸುಮಾರು 37 ಮೆಗಾವಾಟ್. ಬಗಾಸು ಸುಟ್ಟು ವಿದ್ಯುತ್ ಮಾಡುವ ಒಂದು ದೊಡ್ಡ ಸಕ್ಕರೆ ಕಾರ್ಖಾನೆ ತನ್ನ ಪೂರ್ತಿ ವಿದ್ಯುತ್ತನ್ನು ಕೊಟ್ಟರೂ ಸಾಲುವುದು ಕಷ್ಟ. ಕಿಲೋ ಪುಡಿಗೆ 22 ಯೂನಿಟ್, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಕರೆಂಟಿಗೇ 132 ರೂಪಾಯಿ. ಸೋಯಾ ಹಿಂಡಿ ಕಿಲೋಗೆ ನಲವತ್ತರ ಆಸುಪಾಸು. ಹಿಂಡಿಗಿಂತ ಬ್ಯಾಕ್ಟೀರಿಯಾ ಪುಡಿಯಲ್ಲಿ ಪ್ರೋಟೀನು ಒಂದೂವರೆ ಪಟ್ಟು ಇದೆ ಎಂದು ಒಪ್ಪಿಕೊಂಡರೂ ಅದರ ಬೆಲೆ ಅರವತ್ತಕ್ಕೆ ನಿಲ್ಲಬೇಕು. ಸಿಂಗಪುರದಲ್ಲಿ ಐಸ್‌ಕ್ರೀಮಿಗೆ ಬೆರೆಸಿ ಮಾರುವವರಿಗೆ ಇದು ಗಿಟ್ಟುತ್ತದೆ. ಗಡಹಿಂಗ್ಲಜದ ಪಶು ಆಹಾರದ ಅಂಗಡಿಯಲ್ಲಿ ಗಿಟ್ಟುವುದಿಲ್ಲ.

ಬೂದಿಗೆ ಶಕ್ತಿ ತುಂಬಲು ಇನ್ನೊಂದು ದಾರಿ ಬಿಸಿಲು. ಅದು ಪುಕ್ಕಟೆ. ಮೈಸೂರಿನ ಸಿಎಫ್‌ಟಿಆರ್‌ಐ, 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಸಂಸ್ಥೆ, 1970ರ ದಶಕದಲ್ಲಿ ಜರ್ಮನರ ಜೊತೆಗೂಡಿ ಪಾಚಿಯ ಮೇಲೆ ಕೆಲಸ ಮಾಡಿತು. ಎಲ್. ವಿ. ವೆಂಕಟರಾಮನ್ ಅವರ ತಂಡ ಸ್ಪಿರುಲಿನಾವನ್ನು ತೆರೆದ ಹೊಂಡಗಳಲ್ಲಿ ಬೆಳೆದು, ಒಣಗಿಸಿ, ಪ್ರಾಣಿಗಳಿಗೆ ತಿನ್ನಿಸಿ ನೋಡಿತು. ನಮ್ಮ ಕನ್ನಡನಾಡಿನಲ್ಲಿ ಗಾಳಿಯ ಇಂಗಾಲವನ್ನು ಸೂಕ್ಷ್ಮಜೀವಿಯ ಮೂಲಕ ಪ್ರೋಟೀನಾಗಿಸುವ ಕೆಲಸಕ್ಕೆ ಐವತ್ತು ವರ್ಷದ ವಯಸ್ಸಾಗಿದೆ ಎಂಬುದನ್ನು ಚೀನಾದ ಸುದ್ದಿ ಓದಿ ಬೆರಗಾದವರು ತಿಳಿದಿರಲಿ. ಆದರೆ ಹೊಂಡದಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಹತ್ತು ಗ್ರಾಂ ಬಂದರೆ ಅದು ಒಳ್ಳೆಯ ಬೆಳೆ. ಎಕರೆಗೆ ನಲವತ್ತು ಕಿಲೋ. ಆ 40 ಟನ್ ಬೇಕೆಂದರೆ ಸಾವಿರ ಎಕರೆ ಹೊಂಡ ತೋಡಬೇಕು. ಯಾರ ಹೊಲದಲ್ಲಿ?

ಹಾಗಾದರೆ ನಮ್ಮಲ್ಲಿ ಉರಿಯುವ ಗ್ಯಾಸು ಇಲ್ಲವೇ? ಇದೆ. ಕೊಲ್ಹಾಪುರದ ಶಿರೋಲಿ, ಗೋಕುಲ ಶಿರಗಾವಿಯ ಫೌಂಡ್ರಿಗಳಲ್ಲಿ ಕೋಕು ಸುಡುವ ಕ್ಯುಪೋಲಾ ಕುಲುಮೆಗಳಿಂದ ಕಾರ್ಬನ್ ಮೊನಾಕ್ಸೈಡು ಬರುತ್ತದೆ. ಆದರೆ ಅದರಲ್ಲಿ ಬಹುಪಾಲು ಸಾರಜನಕ. ಮೇಲಾಗಿ ಕುಲುಮೆ ಕೆಲವು ತಾಸು ಉರಿದು ಆರುತ್ತದೆ. ಬ್ಯಾಕ್ಟೀರಿಯಾಕ್ಕೆ ಹಗಲೂ ರಾತ್ರಿ ಊಟ ಬೇಕು. ಎಷ್ಟೋ ಫೌಂಡ್ರಿಗಳು ಈಗ ವಿದ್ಯುತ್ ಇಂಡಕ್ಷನ್ ಕುಲುಮೆಗೆ ಹೋಗಿವೆ. ಆ ಬಾಗಿಲು ತಾನಾಗಿಯೇ ಮುಚ್ಚುತ್ತಿದೆ, ಮುಚ್ಚುವುದೇ ಒಳ್ಳೆಯದು. ಕರ್ನಾಟಕದಲ್ಲಿ ಚೀನಾದ ಮಾದರಿಗೆ ತಕ್ಕ ಜಾಗ ಒಂದಿದ್ದರೆ ಅದು ಬಳ್ಳಾರಿ ಸೀಮೆಯ ತೋರಣಗಲ್ಲು. ಅಲ್ಲಿಯ ಜಿಂದಾಲ್ ಉಕ್ಕಿನ ಕಾರ್ಖಾನೆಯಂಥ ಕಡೆ ಕನ್ವರ್ಟರಿನಿಂದ ಬರುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಬನ್ ಮೊನಾಕ್ಸೈಡೇ ಇರುತ್ತದೆ. ಉಕ್ಕಿನವರು ಅದನ್ನೂ ದಂಡ ಮಾಡುವುದಿಲ್ಲ, ಕಾಯಿಸಲಿಕ್ಕೆ, ಕರೆಂಟಿಗೆ ಬಳಸುತ್ತಾರೆ. ಕಸ ಎಂದು ನಾವು ಹೆಸರಿಟ್ಟ ಗ್ಯಾಸಿಗೆ ಆಗಲೇ ಒಬ್ಬ ಗಿರಾಕಿ ಇರುತ್ತಾನೆ ಎಂಬುದನ್ನು ಪತ್ರಿಕೆಗಳು ಬರೆಯುವುದಿಲ್ಲ.

ನಮ್ಮ ಸೀಮೆಯ ನಿಜವಾದ ಉರಿಯುವ ಗ್ಯಾಸು ಮೀಥೇನು. ಡಿಸ್ಟಿಲರಿಯಿಂದ ಬರುವ ಕಪ್ಪು ನೀರು ಮುಚ್ಚಿದ ತೊಟ್ಟಿಯಲ್ಲಿ ಕೊಳೆತರೆ ಹೇರಳ ಗೋಬರ್ ಗ್ಯಾಸು ಕೊಡುತ್ತದೆ. ಹಾಗೇ ನದಿಗೆ ಬಿಟ್ಟರೆ ನೀರಿನ ಆಮ್ಲಜನಕವನ್ನೆಲ್ಲ ಕುಡಿಯುತ್ತದೆ. ಪಂಚಗಂಗೆಯಲ್ಲಿ ಮೀನು ಸತ್ತು ತೇಲಿದ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಮೀಥೇನಿನಿಂದ ಪ್ರೋಟೀನು ಮಾಡುವ ಕೆಲಸ ಕನ್ನಡನಾಡಿನಲ್ಲೇ ನಡೆದಿದೆ. 2013ರಲ್ಲಿ ಎಝಿಲ್ ಸುಬ್ಬಿಯನ್ ಮತ್ತು ವಿನೋದ್ ಕುಮಾರ್ ಬೆಂಗಳೂರಿನಲ್ಲಿ ಸ್ಟ್ರಿಂಗ್ ಬಯೋ ಎಂಬ ಕಂಪನಿ ಆರಂಭಿಸಿದರು. ಮೀಥೇನು ತಿನ್ನುವ ಬ್ಯಾಕ್ಟೀರಿಯಾವನ್ನು ತೊಟ್ಟಿಯಲ್ಲಿ ಬೆಳೆಸಿ ಪಶು ಆಹಾರದ ಪ್ರೋಟೀನು ಮಾಡುವುದು ಅವರ ಗುರಿ. 2022ರಲ್ಲಿ ಆಸ್ಟ್ರೇಲಿಯಾದ ವುಡ್‌ಸೈಡ್ ಎಂಬ ದೊಡ್ಡ ಗ್ಯಾಸ್ ಕಂಪನಿ ಅವರ ಕೈ ಹಿಡಿಯಿತು. ಇದೇ ಬ್ಯಾಕ್ಟೀರಿಯಾದಿಂದ ಬೆಳೆಗೆ ಸಿಂಪಡಿಸುವ ಜೈವಿಕ ಉತ್ತೇಜಕವನ್ನೂ ಅವರು ಮಾರುಕಟ್ಟೆಗೆ ತಂದರು. ನನ್ನ ಅನಿಸಿಕೆ ಹೇಳುವುದಾದರೆ ಅದು ಜಾಣತನ. ಹಿಂಡಿಯ ಬೆಲೆಗೆ ಮಾರಬೇಕಾದ ಸರಕಿಗಿಂತ ಔಷಧಿಯಂತೆ ಬಾಟಲಿಯಲ್ಲಿ ಮಾರುವ ಸರಕಿನಲ್ಲಿ ಉಸಿರಾಡಲು ಜಾಗ ಇರುತ್ತದೆ.

ಮೀಥೇನಿನ ಕೆಲಸ ಸುಲಭದ್ದಲ್ಲ. ಅನಿಲ ನೀರಿನಲ್ಲಿ ಕರಗುವುದೇ ಕಡಿಮೆ. ಬ್ಯಾಕ್ಟೀರಿಯಾದ ಬಾಯಿಗೆ ತಲುಪಿಸಲು ತೊಟ್ಟಿಯನ್ನು ಜೋರಾಗಿ ಕಡೆಯುತ್ತಿರಬೇಕು. ಜೊತೆಗೆ ಆಮ್ಲಜನಕವೂ ಬೇಕು. ಮೀಥೇನು, ಆಮ್ಲಜನಕ ಒಂದೇ ಪೈಪಿನಲ್ಲಿ ತಪ್ಪು ಪ್ರಮಾಣದಲ್ಲಿ ಸೇರಿದರೆ ಸಿಡಿಯುತ್ತವೆ. ಬ್ಯಾಕ್ಟೀರಿಯಾ ಬೆಳೆಯುತ್ತ ಬಿಸಿ ಬಿಡುತ್ತದೆ, ಅದನ್ನು ತಣಿಸಬೇಕು. ಇಷ್ಟೆಲ್ಲ ಮಾಡಿ ಒಂದು ಕಿಲೋ ಪುಡಿಗೆ ಸುಮಾರು ಒಂದೂವರೆಯಿಂದ ಎರಡು ಕಿಲೋ ಮೀಥೇನು ಹೋಗುತ್ತದೆ. ಈಗ ಗಿರಾಕಿಯ ಮಾತಿಗೆ ಬನ್ನಿ. 2018ರ ಅಕ್ಟೋಬರ್ 1ರಂದು ಕೇಂದ್ರ ಸರ್ಕಾರ ಸತತ್ ಯೋಜನೆ ತಂದು, ಶುದ್ಧ ಮಾಡಿ ಒತ್ತಿದ ಗೋಬರ್ ಗ್ಯಾಸನ್ನು ವಾಹನಗಳಿಗೆ ಕಿಲೋಗೆ 46 ರೂಪಾಯಿಗೆ ಕೊಳ್ಳುತ್ತೇವೆ ಎಂದಿತು. ಆ ದರ ಆಮೇಲೆ ಏರಿದೆ. 46ರಂತೆ ಹಿಡಿದರೂ ಒಂದು ಕಿಲೋ ಪುಡಿಗೆ ಗ್ಯಾಸಿನ ಬೆಲೆಯೇ 69ರಿಂದ 92 ರೂಪಾಯಿ. ಟ್ಯಾಂಕರಿಗೆ ತುಂಬಿ ಕಳಿಸಿ ದುಡ್ಡು ಎಣಿಸುವುದನ್ನು ಬಿಟ್ಟು ಯಾವ ಕಾರ್ಖಾನೆಯ ಅಧ್ಯಕ್ಷ ಬ್ಯಾಕ್ಟೀರಿಯಾ ಸಾಕುತ್ತಾನೆ? ಇದರ ಮೇಲೆ ಹಂಗಾಮಿನ ಮಾತು. ಕಬ್ಬು ನುರಿಯುವುದು ನವೆಂಬರಿನಿಂದ ಮಾರ್ಚಿನ ತನಕ. ಉಳಿದ ತಿಂಗಳು ತೊಟ್ಟಿಗೆ ಏನು ಹಾಕುತ್ತೀರಿ?

ಹೀಗೆ ಬೆಲೆಯ ಮೇಲೆ ಮುಗ್ಗರಿಸಿದವರು ದೊಡ್ಡದೊಡ್ಡವರು. ಇಂಗ್ಲೆಂಡಿನ ಐಸಿಐ ಕಂಪನಿ ಬಿಲ್ಲಿಂಗ್‌ಹ್ಯಾಮಿನಲ್ಲಿ 15 ಲಕ್ಷ ಲೀಟರಿನ ಒಂದೇ ತೊಟ್ಟಿ ಕಟ್ಟಿ 1980ರ ಹೊತ್ತಿಗೆ ಮೆಥನಾಲಿನಿಂದ ಪ್ರುಟೀನ್ ಎಂಬ ಪಶು ಆಹಾರ ತೆಗೆಯಿತು. ಅಷ್ಟು ದೊಡ್ಡ ತೊಟ್ಟಿಯಲ್ಲಿ ಕೊಳಕು ಸೇರದಂತೆ ಒಂದೇ ಜೀವಿಯನ್ನು ಸಾಕಿದ್ದು ಎಂಜಿನಿಯರಿಂಗಿನ ಅದ್ಭುತ. ಗ್ಯಾಸು ತುಟ್ಟಿಯಾಯಿತು, ಸೋಯಾ ಅಗ್ಗವಾಗಿಯೇ ಉಳಿಯಿತು, ಅಂಗಡಿ ಮುಚ್ಚಿತು. ನಾರ್ವೆಯ ನಾರ್‌ಫರ್ಮ್ ಸಮುದ್ರದ ನೈಸರ್ಗಿಕ ಅನಿಲವನ್ನೇ ಬಳಸಿತು. ಅವರ ಬ್ಯಾಕ್ಟೀರಿಯಾ ಇಂಗ್ಲೆಂಡಿನ ಬಾತ್ ಪಟ್ಟಣದ ಬಿಸಿನೀರ ಬುಗ್ಗೆಯಲ್ಲಿ ಸಿಕ್ಕದ್ದು. ಅದೂ 2006ರಲ್ಲಿ ನಿಂತಿತು, ಕಾರಣ ಅದೇ. ಸೂಕ್ಷ್ಮಜೀವಿ ಎಲ್ಲಿಯೂ ಕೈಕೊಡಲಿಲ್ಲ ಎಂಬುದನ್ನು ನೋಡಿ.

ಇನ್ನು ತಿನ್ನುವವರು ಯಾರು? ಈ ಹಲಕರ್ಣಿ ಊರಿನಲ್ಲಿ ನಿಂತು ಮಾತಾಡುವಾಗ ಮೊದಲು ಎಮ್ಮೆಯೇ ನೆನಪಾಗುತ್ತದೆ, ಹಾಲು ಗೋಕುಲ ಡೇರಿಗೆ ಹೋಗುವ ಸೀಮೆ ಇದು. ಆದರೆ ಎಮ್ಮೆಗೆ ಈ ಪುಡಿ ಅಷ್ಟು ಅಗತ್ಯವೇ ಇಲ್ಲ. ಅದರ ದೊಡ್ಡ ಹೊಟ್ಟೆಯಲ್ಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಹುಲ್ಲು, ಕಣಕಿ ತಿಂದು ಬೆಳೆದು, ಮುಂದೆ ಕರುಳಿಗೆ ಜಾರಿ ಎಮ್ಮೆಗೇ ಪ್ರೋಟೀನಾಗುತ್ತವೆ. ಯೂರಿಯಾ-ಕಾಕಂಬಿಯ ಇಟ್ಟಿಗೆಯನ್ನು ದನಕ್ಕೆ ನೆಕ್ಕಿಸುವುದು ಇದೇ ಕಾರಣಕ್ಕೆ: ಯೂರಿಯಾದ ಸಾರಜನಕವನ್ನು ಆ ಜೀವಿಗಳು ಪ್ರೋಟೀನು ಮಾಡಿಕೊಳ್ಳುತ್ತವೆ. ತುಟ್ಟಿಯ ಬ್ಯಾಕ್ಟೀರಿಯಾ ಪುಡಿಯನ್ನು ಎಮ್ಮೆಗೆ ಹಾಕಿದರೆ ಅದರ ಹೊಟ್ಟೆಯ ಬ್ಯಾಕ್ಟೀರಿಯಾ ಅದನ್ನು ಒಡೆದು ಮತ್ತೆ ಬ್ಯಾಕ್ಟೀರಿಯಾವನ್ನೇ ಕಟ್ಟುತ್ತದೆ! ಕೋಳಿಗೆ, ಮೀನಿಗೆ, ಸಿಗಡಿಗೆ ಆ ಹೊಟ್ಟೆ ಇಲ್ಲ. ಅವಕ್ಕೆ ಒಳ್ಳೆಯ ಪ್ರೋಟೀನು ಹೊರಗಿನಿಂದಲೇ ಬೇಕು. ಸಿಗಡಿಗೆ ಹಾಕುವ ಮೀನಿನ ಪುಡಿ ಕಿಲೋಗೆ ನೂರು ರೂಪಾಯಿ ದಾಟುತ್ತದೆ. ಗ್ಯಾಸಿನ ಪ್ರೋಟೀನಿಗೆ ಬೆಲೆ ಕೂಡಿ ಬರುವ ಜಾಗ ಅದು. ಮನುಷ್ಯರ ವಿಚಾರ ಬೇರೆ. ಬೇಗ ಬೆಳೆಯುವ ಬ್ಯಾಕ್ಟೀರಿಯಾದಲ್ಲಿ ನ್ಯೂಕ್ಲಿಯಿಕ್ ಆಮ್ಲ ಹೆಚ್ಚು, ಅದು ನಮ್ಮ ಮೈಯಲ್ಲಿ ಯೂರಿಕ್ ಆಮ್ಲವಾಗಿ ಕೀಲು ಹಿಡಿಯುತ್ತದೆ. ಇಂಥ ಆಹಾರದಿಂದ ದಿನಕ್ಕೆ ಎರಡು ಗ್ರಾಂಗಿಂತ ಹೆಚ್ಚು ನ್ಯೂಕ್ಲಿಯಿಕ್ ಆಮ್ಲ ಸೇರಬಾರದೆಂದು ವಿಶ್ವಸಂಸ್ಥೆಯ ಪ್ರೋಟೀನು ಸಲಹಾ ಮಂಡಳಿ ಹಿಂದೆಯೇ ಹೇಳಿತ್ತು. ಅದನ್ನು ತೆಗೆದುಹಾಕುವ ವಿಧಾನಗಳಿವೆ, ಅದಕ್ಕೂ ಖರ್ಚಿದೆ.

ಈಗ ನಿಮ್ಮಲ್ಲಿ ಹಲವರಿಗೆ ಹಿಡಿಸದ ಮಾತೊಂದನ್ನು ಹೇಳಬೇಕು. ಗ್ಯಾಸಿನ ಪ್ರೋಟೀನು ಅಗ್ಗವಾಗಿ ಗೆದ್ದರೆ ಮೊದಲು ಸೋಲುವುದು ಮುಂಗಾರಿನಲ್ಲಿ ಸೋಯಾಬೀನ್ ಬಿತ್ತುವ ನೀವೇ. ಸೋಯಾದಲ್ಲಿ ಎಣ್ಣೆ ಸುಮಾರು ಐದನೇ ಒಂದು ಪಾಲು, ಉಳಿದದ್ದು ಹಿಂಡಿ. ಬೆಳೆಗೆ ಬೆಲೆ ನಿಲ್ಲಿಸುವುದು ಹಿಂಡಿ. ಇದರ ಸಣ್ಣ ರುಚಿಯನ್ನು ನಾವು ಈಗಾಗಲೇ ನೋಡಿದ್ದೇವೆ. ಗೋವಿನಜೋಳ, ಅಕ್ಕಿಯಿಂದ ಎಥನಾಲು ಮಾಡುವ ಘಟಕಗಳು ಹೆಚ್ಚಿದಂತೆ ಅವುಗಳಿಂದ ಉಳಿದ ಒಣ ಗಸಿ, ವ್ಯಾಪಾರಿಗಳು ಡಿಡಿಜಿಎಸ್ ಎನ್ನುವುದು, ಕೋಳಿ ಆಹಾರಕ್ಕೆ ಅಗ್ಗವಾಗಿ ಬಂದು ಸೋಯಾ ಹಿಂಡಿಯ ಬೇಡಿಕೆಯನ್ನು ತಿಂದಿತು. 2024-25ರಲ್ಲಿ ಸೋಯಾಬೀನಿನ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ. ಮಹಾರಾಷ್ಟ್ರದ ಮಾರುಕಟ್ಟೆಗಳಲ್ಲಿ ದರ ಅದಕ್ಕಿಂತ ಕೆಳಗೇ ನಡೆಯಿತು. ಆ ಕುಸಿತಕ್ಕೆ ಗಸಿಯೊಂದೇ ಕಾರಣವಲ್ಲ, ಹೊರದೇಶದ ಎಣ್ಣೆಯೂ ಇದೆ. ಆದರೆ ಕಾರ್ಖಾನೆಯ ಉಪ-ಉತ್ಪನ್ನ ಹೊಲದ ಬೆಲೆಯನ್ನು ಹೇಗೆ ಮುಟ್ಟುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಸೋಯಾದ ಪರವಾಗಿ ಇನ್ನೊಂದು ಮಾತು: ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಪುಕ್ಕಟೆ ಹಿಡಿಯುತ್ತವೆ. ತೊಟ್ಟಿಯ ಬ್ಯಾಕ್ಟೀರಿಯಾಕ್ಕೆ ಅಮೋನಿಯಾ ಸುರಿಯಬೇಕು, ಅಮೋನಿಯಾ ಬರುವುದು ಮತ್ತೆ ನೈಸರ್ಗಿಕ ಅನಿಲದಿಂದ. ಗಾಳಿಯಿಂದಲೇ ಊಟ ಎಂಬ ಜಾಹೀರಾತಿನಲ್ಲಿ ಈ ಖರ್ಚು ಕಾಣುವುದಿಲ್ಲ. ತೊಟ್ಟಿಯ ಪರವಾಗಿಯೂ ಹೇಳಲೇಬೇಕು: ಅದಕ್ಕೆ ಹೊಲ ಬೇಡ, ಮಳೆ ತಪ್ಪಿದ ವರ್ಷವೂ ಅದು ನಡೆಯುತ್ತದೆ.

ನಾನು ಈ ವಿದ್ಯೆಯ ವಿರೋಧಿಯಲ್ಲ. ಬಂದರಿನ ಪಕ್ಕದ ಉಕ್ಕಿನ ಕಾರ್ಖಾನೆ, ಸಿಗಡಿ ಸಾಕುವ ಕರಾವಳಿ, ವರ್ಷವಿಡೀ ಒಂದೇ ಸಮ ಬರುವ, ಬೇರೆ ಗಿರಾಕಿ ಇಲ್ಲದ ಗ್ಯಾಸು, ಇವು ಸೇರಿದ ಕಡೆ ಅದು ನಿಲ್ಲುತ್ತದೆ. ನಮ್ಮ ಹಿರಣ್ಯಕೇಶಿ ನದಿಯ ದಂಡೆಯಲ್ಲಿ ಇವತ್ತಿಗೆ ಅವು ಸೇರಿಲ್ಲ. ಇಲ್ಲಿ ಮೊದಲು ಆಗಬೇಕಾದ ಕೆಲಸ ಕಪ್ಪು ನೀರು ಒಂದು ಹನಿಯೂ ನದಿ ಸೇರದಂತೆ ತೊಟ್ಟಿಗೆ ಹೋಗುವುದು, ಅದರ ಮೀಥೇನು ಗಾಳಿಗೆ ಹಾರದಂತೆ ಹಿಡಿಯುವುದು. ಅದರಿಂದ ಲಾರಿ ಓಡಲಿ, ಬಾಯ್ಲರ್ ಉರಿಯಲಿ; ಪ್ರೋಟೀನು ಆಗಲೇಬೇಕೆಂಬ ಹಟ ಬೇಡ.

ನಾಳೆ ಯಾವುದಾದರೂ ಕಂಪನಿ ಇಂಥ ಘಟಕಕ್ಕೆ ಜಾಗ ಕೇಳಿಕೊಂಡು ಗ್ರಾಮಸಭೆಗೆ ಬಂದರೆ ಬೆಲೆಯ ಪ್ರಶ್ನೆಯ ಜೊತೆ ಇನ್ನೊಂದನ್ನು ಕೇಳಿ: ಪುಡಿಯನ್ನು ಒಣಗಿಸುವುದು ಹೇಗೆ, ಧೂಳು ಎಲ್ಲಿ ಹೋಗುತ್ತದೆ? ಸೋವಿಯತ್ ರಷ್ಯದ ಕಿರಿಶಿ ಪಟ್ಟಣದಲ್ಲಿ ಪೆಟ್ರೋಲಿಯಂನಿಂದ ಪ್ರೋಟೀನು ಮಾಡುವ ದೊಡ್ಡ ಕಾರ್ಖಾನೆ ಇತ್ತು. ಒಣಗಿಸುವ ಯಂತ್ರದಿಂದ ಹಾರಿದ ಪ್ರೋಟೀನು ಧೂಳಿನಿಂದ ಊರಿನವರಿಗೆ, ಮಕ್ಕಳಿಗೆ ಅಲರ್ಜಿ, ಉಬ್ಬಸ ಹತ್ತಿತು. ಬೀದಿಗಿಳಿದು ಮಾತಾಡುವ ರೂಢಿಯೇ ಇಲ್ಲದ ಆ ದೇಶದಲ್ಲಿ 1987ರಲ್ಲಿ ಜನ ಬೀದಿಗಿಳಿದರು. ಅದಕ್ಕೆ ಮೊದಲೇ, 1970ರ ದಶಕದ ಶುರುವಿನಲ್ಲಿ ಜಪಾನಿನ ಗೃಹಿಣಿಯರು ಪೆಟ್ರೋಲಿಯಂ ಪ್ರೋಟೀನು ಬೇಡವೆಂದು ಎದ್ದು ನಿಂತು ಅಲ್ಲಿಯ ಕಾರ್ಖಾನೆಗಳನ್ನು ಶುರುವಿಗೆ ಮುಂಚೆಯೇ ತಡೆದಿದ್ದರು. ಧೂಳು ಹಿಡಿಯುವ ಫಿಲ್ಟರು ಈಗ ಸಿಗುತ್ತದೆ, ಅದು ದೊಡ್ಡ ವಿದ್ಯೆಯೇನಲ್ಲ. ಆದರೆ ಕರೆಂಟು ಉಳಿಸಲು ರಾತ್ರಿ ಫಿಲ್ಟರು ಆರಿಸುವ ಕಾರ್ಖಾನೆಗಳನ್ನು ನಾವು ಕಂಡಿಲ್ಲವೇ? ಒಪ್ಪಂದದ ಕಾಗದದಲ್ಲಿ ಅದನ್ನು ಯಾರು ನೋಡುತ್ತಾರೆ, ತಪ್ಪಿದರೆ ಯಾರು ಬೀಗ ಹಾಕುತ್ತಾರೆ ಎಂದು ಬರೆಸಿಕೊಂಡ ಮೇಲೆಯೇ ಜಾಗದ ಮಾತು.